ಜಪಾನಿನ ಫ್ರಿಗೇಟ್ ಆಸ್ಟ್ರೇಲಿಯಕ್ಕೆ

2025ರ ಆಗಸ್ಟ್ 5ರಂದು ಆಸ್ಟ್ರೇಲಿಯದ ರಕ್ಷಣಾ ಸಚಿವ ರಿಚರ್ಡ್ ಮಾರ್ಲ್ಸ್ ಒಂದು ಆಯ್ಕೆಯನ್ನು ಪ್ರಕಟಿಸಿದರು: ದೇಶದ ಮುಂದಿನ 11 ಫ್ರಿಗೇಟ್‌ಗಳು ಜಪಾನಿನ ಸುಧಾರಿತ ಮೊಗಾಮಿ ಮಾದರಿಯವು. ಕೊನೆಯ ಸುತ್ತಿನಲ್ಲಿ ಸೋತದ್ದು ಜರ್ಮನಿಯ ಮೆಕೊ ಎ-200. ನಿವೃತ್ತಿಯ ಹಾದಿ ಹಿಡಿದಿರುವ ಆನ್ಜಾಕ್ ಹಡಗುಗಳೂ ಮೆಕೊ ವಂಶದವೇ ಆದ್ದರಿಂದ ಈ ಸೋಲಿಗೆ ತೂಕ ಹೆಚ್ಚು.

ಫ್ರಿಗೇಟ್ ರಫ್ತಿನ ವ್ಯಾಪಾರಕ್ಕೆ ಹೊಸ ದಾರಿ ಹಾಕಿಕೊಟ್ಟದ್ದು ಮೆಕೊ. ಹ್ಯಾಂಬರ್ಗಿನ ಬ್ಲೋಮ್ ಉಂಡ್ ಫಾಸ್ ಕಂಪನಿ ತೋಪು, ಕ್ಷಿಪಣಿ, ರಾಡಾರ್‌ಗಳನ್ನು ನಿಗದಿತ ಅಳತೆಯ ಘಟಕಗಳಾಗಿ ರೂಪಿಸಿ, ಗಿರಾಕಿ ಕೇಳಿದ್ದನ್ನು ಹಡಗಿನಲ್ಲಿ ಕೂರಿಸುವ ವಿಧಾನ ತಂದಿತು. 1980ರಲ್ಲಿ ನೀರಿಗಿಳಿದ ನೈಜೀರಿಯದ ‘ಅರಾಡು’ ಇದರ ಚೊಚ್ಚಲು. ಅರ್ಜೆಂಟೀನ, ಟರ್ಕಿ, ಗ್ರೀಸ್, ಪೋರ್ಚುಗಲ್ ಅದೇ ದಾರಿ ಹಿಡಿದವು. ಮೆಲ್ಬರ್ನ್ ಸಮೀಪದ ವಿಲಿಯಮ್ಸ್‌ಟೌನ್‌ನಲ್ಲಿ 10 ಆನ್ಜಾಕ್ ಹಡಗುಗಳು ತಯಾರಾದವು. ಎಂಟು ಆಸ್ಟ್ರೇಲಿಯಕ್ಕೆ, ಎರಡು ನ್ಯೂಜಿಲೆಂಡಿಗೆ.

ಗಿರಾಕಿಯ ಬೇಡಿಕೆ ಹಡಗಿನ ಒಡಲಿಗೇ ಕೈಹಾಕಿದಾಗ ತೊಂದರೆ ಶುರುವಾಗುತ್ತದೆ. ಫ್ರಾನ್ಸ್ ಮತ್ತು ಇಟಲಿ ಕೂಡಿ ರೂಪಿಸಿದ ಫ್ರೆಮ್, ಮೊರಾಕೊ ಮತ್ತು ಈಜಿಪ್ಟ್‌ಗಳಿಗೆ ಸಲೀಸಾಗಿ ಹೋಯಿತು. 2020ರಲ್ಲಿ ಅದನ್ನೇ ಆರಿಸಿಕೊಂಡ ಅಮೆರಿಕ, ತನ್ನ ನಿಯಮಗಳಿಗೆ ಹೊಂದಿಸಲು ತಿದ್ದುತ್ತಲೇ ಹೋಯಿತು. ಮೂಲ ವಿನ್ಯಾಸದೊಂದಿಗೆ ಶೇ. 85ರಷ್ಟು ಇರಬೇಕಿದ್ದ ಸಾಮ್ಯ ಶೇ. 15ಕ್ಕಿಂತ ಕೆಳಗಿಳಿಯಿತು. 2025ರ ನವೆಂಬರಿನಲ್ಲಿ, ಕೆಲಸ ಆರಂಭವಾಗಿರದ ನಾಲ್ಕು ಹಡಗುಗಳನ್ನು ಅಮೆರಿಕ ಕೈಬಿಟ್ಟಿತು. ಬ್ರಿಟನ್ನಿನ ಟೈಪ್ 26 ಆಧರಿಸಿದ ಹಂಟರ್ ಯೋಜನೆಯಲ್ಲಿ ಆಸ್ಟ್ರೇಲಿಯವೂ ಈ ಪೆಟ್ಟು ತಿಂದಿದೆ: ಒಂಬತ್ತಾಗಬೇಕಿದ್ದ ಹಡಗುಗಳು 2024ರಲ್ಲಿ ಆರಕ್ಕಿಳಿದವು.

ಆದ್ದರಿಂದಲೇ ಈ ಬಾರಿ ಕ್ಯಾನ್‌ಬೆರಾ ತಿದ್ದುಪಡಿಗಳನ್ನು ಆದಷ್ಟು ಕಡಿಮೆ ಇಡಲು ಹೊರಟಿದೆ. ಅದು ವಿವೇಕದ ನಡೆ.

ಮೊಗಾಮಿ ಹುಟ್ಟಿದ್ದು ಜಪಾನಿನದೇ ಇಕ್ಕಟ್ಟಿನಿಂದ. ಜನಸಂಖ್ಯೆ ಕುಗ್ಗುತ್ತಿದೆ, ನೌಕಾಪಡೆಗೆ ಸೇರುವ ಯುವಕರು ಸಾಲುತ್ತಿಲ್ಲ. ಹಾಗಾಗಿ ಮಿತ್ಸುಬಿಷಿಯ ಎಂಜಿನಿಯರುಗಳು ನಿಯಂತ್ರಣ ಕೆಲಸವನ್ನು ಒಂದೇ ಕೊಠಡಿಗೆ ತಂದು, ಸುಮಾರು 5,500 ಟನ್ನಿನ ಹಡಗನ್ನು 90 ಮಂದಿ ನಡೆಸುವಂತೆ ಮಾಡಿದರು. ಆನ್ಜಾಕ್‌ಗೆ ಸುಮಾರು 170 ಮಂದಿ ಬೇಕು. ನಾವಿಕರ ಕೊರತೆ ಆಸ್ಟ್ರೇಲಿಯಕ್ಕೂ ಇದೆ. ಸುಧಾರಿತ ಮಾದರಿಯಲ್ಲಿ ಕ್ಷಿಪಣಿ ಕೋಶಗಳು 16ರಿಂದ 32ಕ್ಕೆ ಏರಿವೆ.

ಜಪಾನಿಗೆ ಇದು ದೀರ್ಘ ಪಯಣ. ದಶಕಗಳ ಕಾಲ ಶಸ್ತ್ರ ರಫ್ತಿಗೆ ಬೆನ್ನು ತಿರುಗಿಸಿದ್ದ ದೇಶ 2014ರಲ್ಲಷ್ಟೇ ನಿಯಮ ಸಡಿಲಿಸಿತು. 2016ರಲ್ಲಿ ಆಸ್ಟ್ರೇಲಿಯದ ಜಲಾಂತರ್ಗಾಮಿ ಸ್ಪರ್ಧೆಯಲ್ಲಿ ಫ್ರಾನ್ಸಿಗೆ ಸೋತಿತು. ಆ ಸೋಲು ಕಲಿಸಿದ್ದು ಸಣ್ಣದಲ್ಲ: ಹಡಗಿನ ಗುಣವೊಂದೇ ಸಾಲದು, ತಂತ್ರಜ್ಞಾನ ಹಂಚಿಕೆ, ನಿರ್ವಹಣೆ, ಸ್ಥಳೀಯ ಉದ್ಯೋಗದ ಭರವಸೆಗೂ ಸರ್ಕಾರ ಹೆಗಲು ಕೊಡಬೇಕು. ಈಗಿನ ಯೋಜನೆಯಲ್ಲಿ ಮೊದಲ ಮೂರು ಹಡಗುಗಳು ಜಪಾನಿನಲ್ಲಿ ನಿರ್ಮಾಣವಾಗುತ್ತವೆ. ಮೊದಲನೆಯದು 2029ರಲ್ಲಿ ಕೈಸೇರಬೇಕು. ಉಳಿದವನ್ನು ಪಶ್ಚಿಮ ಆಸ್ಟ್ರೇಲಿಯದ ಹೆಂಡರ್ಸನ್‌ನಲ್ಲಿ ಕಟ್ಟುವ ಉದ್ದೇಶವಿದೆ.

ಮೊಗಾಮಿಯ ಒಂದು ಭಾಗಕ್ಕೆ ಬೆಂಗಳೂರಿನ ನಂಟೂ ಇದೆ. ಹಲವು ಆಂಟೆನಾಗಳನ್ನು ಒಂದೇ ಕಂಬದೊಳಗೆ ಅಡಗಿಸಿ, ಹಡಗು ಶತ್ರು ರಾಡಾರಿಗೆ ಸುಲಭವಾಗಿ ಸಿಗದಂತೆ ಮಾಡುವ ‘ಯೂನಿಕಾರ್ನ್’ ವ್ಯವಸ್ಥೆಯ ಬಗ್ಗೆ ಭಾರತ ಮತ್ತು ಜಪಾನ್ 2024ರ ನವೆಂಬರಿನಲ್ಲಿ ಟೋಕಿಯೊದಲ್ಲಿ ಒಡಂಬಡಿಕೆಗೆ ಸಹಿ ಹಾಕಿದವು. ನಮ್ಮ ನೌಕಾಪಡೆಗಾಗಿ ಅದನ್ನು ಜಪಾನಿನ ಸಹಯೋಗದಲ್ಲಿ ಅಭಿವೃದ್ಧಿಪಡಿಸುವ ಹೊಣೆ ಬೆಂಗಳೂರು ಮೂಲದ ಭಾರತ್ ಎಲೆಕ್ಟ್ರಾನಿಕ್ಸ್‌ಗೆ ಬಂದಿದೆ.