ಆರನೆಯ ಬಾರಿ ಕೆಡುವ ಸ್ವರ

ಕೊಟ್ಟೂರು ಜಾತ್ರೆಯ ನಾಟಕದ ಟೆಂಟಿನಲ್ಲಿ ನೀವು ಹಾರ್ಮೋನಿಯಂ ಕೇಳಿರಬಹುದು. ಅದರ ಒಂದು ಮನೆ ಮೂಕವಾಯಿತೆನ್ನಿ. ರಿಪೇರಿ ಮಾಡುವವರು ನೇರವಾಗಿ ಆ ಮನೆಯ ರೀಡನ್ನೇ ನೋಡುತ್ತಾರೆ. ಪ್ರತಿ ಸ್ವರಕ್ಕೂ ತನ್ನದೇ ರೀಡು ಇರುವುದರಿಂದ ದೋಷಕ್ಕೊಂದು ನಿಶ್ಚಿತ ಸ್ಥಾನವಿದೆ. ಆದರೆ ಯಾವ ಮನೆ ಒತ್ತಿದರೂ ಐದು ಬಾರಿ ಸರಿಯಾಗಿ ನುಡಿದು, ಆರನೆಯ ಬಾರಿ ಮಾತ್ರ ಕರಕರ ಎನ್ನುವ ವಾದ್ಯವಿದ್ದರೆ? ದೋಷವನ್ನು ಎಲ್ಲಿ ಹುಡುಕುವಿರಿ?

ಅಂಥ ವಾದ್ಯವೇ ಅನಲಾಗ್ ಸಿಂಥಸೈಜರ್. ಇದರಲ್ಲಿ ಆಂದೋಲಕವು ತರಂಗವನ್ನು ಹುಟ್ಟಿಸುತ್ತದೆ, ಫಿಲ್ಟರ್ ಅದರ ಉಪಸ್ವರಗಳನ್ನು ಸೋಸುತ್ತದೆ, ವರ್ಧಕವು ಗಟ್ಟಿತನವನ್ನು ನಿಯಂತ್ರಿಸುತ್ತದೆ. ಮೂರೂ ಸೇರಿ ಒಂದು 'ಧ್ವನಿ'. 1969ರಲ್ಲಿ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸ್ಥಾಪಿಸಿದ ಮೂಗ್ ಸಿಂಥಸೈಜರಿನಲ್ಲಿ ಇವೆಲ್ಲ ಬೇರೆ ಬೇರೆ ಘಟಕಗಳಾಗಿದ್ದವು, ತಂತಿಗಳಿಂದ ಜೋಡಿಸಬೇಕಿತ್ತು. ಮುಂದಿನ ದಶಕದಲ್ಲಿ ಈ ಮಂಡಲಗಳು ಚಿಪ್ಪುಗಳೊಳಗೆ ಸೇರಿದವು. 1978ರ ಪ್ರಾಫೆಟ್-5ರಲ್ಲಿ ಐದು ಧ್ವನಿಗಳಿದ್ದವು. ಮರುವರ್ಷ, 1979ರಲ್ಲಿ, ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. 1984ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಜೂನೋ-106 ಬಂದಿತು. ಅದರಲ್ಲಿ ಮನೆಗಳು 61, ಧ್ವನಿಗಳು ಆರೇ! ಒತ್ತಿದ ಮನೆಗಳಿಗೆ ಸೂಕ್ಷ್ಮ ಸಂಸ್ಕಾರಕವು ಈ ಆರನ್ನು ಸರದಿಯಂತೆ ಹಂಚುತ್ತದೆ.

ಈಗ ನಮ್ಮ ಒಗಟು ಬಿಡುತ್ತದೆ. ದೋಷ ಮನೆಯಲ್ಲಿಲ್ಲ, ಸರದಿಯಲ್ಲಿದೆ. ವಾದ್ಯವನ್ನು ಪರೀಕ್ಷಾ ಸ್ಥಿತಿಯಲ್ಲಿ ಚಾಲೂ ಮಾಡಿ ಒಂದೇ ಮನೆಯನ್ನು ಆರು ಬಾರಿ ಒತ್ತಿದರೆ, ನುಡಿಯುತ್ತಿರುವ ಧ್ವನಿಯ ಸಂಖ್ಯೆ ಪರದೆಯಲ್ಲಿ ಮೂಡುತ್ತದೆ. ತರಂಗ ರೂಪಿಸುವ ಚಿಪ್ಪುಗಳು ಎರಡು ಧ್ವನಿಗಳಿಗೆ ಒಂದರಂತೆ ಮೂರಿವೆ. ಫಿಲ್ಟರ್ ಮತ್ತು ವರ್ಧಕವಿರುವ 80017ಎ ಚಿಪ್ಪುಗಳು ಧ್ವನಿಗೊಂದರಂತೆ ಆರಿವೆ. ಜೊತೆಯ ಎರಡೂ ಧ್ವನಿಗಳು ಕೆಟ್ಟಿದ್ದರೆ ಮೊದಲನೆಯದರ ಮೇಲೆ, ಒಂದೇ ಕೆಟ್ಟಿದ್ದರೆ ಎರಡನೆಯದರ ಮೇಲೆ ಸಂದೇಹ. ಆದರೆ ಸಂದೇಹ ಪುರಾವೆಯಲ್ಲ. ಅನುಮಾನದ ಚಿಪ್ಪನ್ನೂ ಒಳ್ಳೆಯ ಚಿಪ್ಪನ್ನೂ ಅದಲುಬದಲು ಮಾಡಬೇಕು. ದೋಷ ಚಿಪ್ಪಿನೊಂದಿಗೆ ಹೋದರೆ ಚಿಪ್ಪೇ ಕೆಟ್ಟಿದೆ. ನಿಂತಲ್ಲೇ ನಿಂತರೆ ಫಲಕದಲ್ಲಿ ತೊಂದರೆಯಿದೆ.

80017ಎ ಕೆಡುವುದೇಕೆ? ಅದರ ಘಟಕಗಳಿಗೆ ರಕ್ಷಣೆಗೆಂದು ರಾಳದ ಲೇಪವಿದೆ. ವರ್ಷಗಳು ಕಳೆದಂತೆ ಈ ರಾಳದ ಮೂಲಕ ಅತ್ಯಲ್ಪ ವಿದ್ಯುತ್ತು ಸೋರತೊಡಗುತ್ತದೆ. ಬಲ್ಬಿಗೆ ಇಷ್ಟು ಸೋರಿಕೆ ಲೆಕ್ಕಕ್ಕಿಲ್ಲ. ಆದರೆ ಫಿಲ್ಟರನ್ನು ಆಳುವುದೇ ಅತ್ಯಲ್ಪ ಪ್ರವಾಹ. ಅದಕ್ಕೆ ಸೋರಿಕೆಯೂ ಆಜ್ಞೆಯೇ. ಕಾಯಬೇಕಾದ ಕವಚವೇ ಕೊಂದಿತು! ಅಸಿಟೋನಿನಲ್ಲಿ ನೆನೆಸಿ ರಾಳವನ್ನು ಕಳಚಿದಾಗ ಎಷ್ಟೋ ಚಿಪ್ಪುಗಳು ಮತ್ತೆ ನುಡಿದಿವೆ, ಎಲ್ಲವೂ ಅಲ್ಲ.

ಹಳೆಯ ಚಿಪ್ಪುಗಳ ತಯಾರಿಕೆ ಎಂದೋ ನಿಂತಿದೆ. ಅವಸರದಲ್ಲಿ ಒಳ್ಳೆಯದನ್ನೇ ಕಿತ್ತು ಹಾಳುಮಾಡಿದರೆ ನಷ್ಟ ತುಂಬುವುದು ಕಷ್ಟ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಅಧ್ಯಾಪಕ ಮಿತ್ರರೇ, ನಿಮ್ಮ ಪ್ರಯೋಗಾಲಯದಲ್ಲಿ ಮೀಟರೊಂದು ಸುಮ್ಮನಾದಾಗ 'ಕೆಟ್ಟಿದೆ' ಎಂದು ಕಪಾಟಿಗೆ ಸೇರಿಸಬೇಡಿ. ಯಾವಾಗ ಕೆಡುತ್ತದೆ, ಯಾವುದರ ಜೊತೆ ಕೆಡುತ್ತದೆ, ಬದಲಿಸಿದರೆ ದೋಷ ಎಲ್ಲಿಗೆ ಹೋಗುತ್ತದೆ? ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದಲೇ ಕೇಳಿಸಿ.