ಧ್ಯಾನ ಯಾರಪ್ಪನ ಸ್ವತ್ತು?



ಈಗ ಎಲ್ಲಿ ನೋಡಿದ್ರೂ ಮೈಂಡ್‌ಫುಲ್‌ನೆಸ್ಸಿನದೇ ಮಾತು. ಕಂಪನಿಗಳಲ್ಲಿ ಟ್ರೈನಿಂಗು, ಮೊಬೈಲಲ್ಲಿ ಆ್ಯಪು. ನಮ್ಮ ಸಂಗಾತಿಗಳಲ್ಲಿ ಕೆಲವರು "ಇದು ಹೊಟ್ಟೆ ತುಂಬಿದವರ ಆಟ, ಕಣ್ಮುಚ್ಚಿ ಕೂತ್ರೆ ಜಾತಿ ಹೋಗುತ್ತಾ?" ಅಂತ ಕೇಳ್ತಾರೆ. ಕೇಳೋದು ಸರಿಯೇ. ಆದ್ರೆ ಈ ವಿದ್ಯೆ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ನೋಡಿದ ಮೇಲೆ, ಅದನ್ನ ಹೊಟ್ಟೆ ತುಂಬಿದವರಿಗೇ ಬಿಟ್ಟುಕೊಡೋಕೆ ನನಗೆ ಮನಸ್ಸಿಲ್ಲ.

ಮೂಲ ಪಾಲಿ ಪದ 'ಸತಿ'. ಸಂಸ್ಕೃತದಲ್ಲಿ ಸ್ಮೃತಿ. (ಮನು ತನ್ನ ಪುಸ್ತಕಕ್ಕೂ ಇದೇ ಪದ ಹಚ್ಚಿಕೊಂಡ, ಅದು ಬೇರೆ ಕತೆ.) ಸತಿಪಟ್ಠಾನ ಸುತ್ತದಲ್ಲಿ ಬುದ್ಧ ದೇಹ, ವೇದನೆ, ಚಿತ್ತ, ಧಮ್ಮ ಈ ನಾಲ್ಕನ್ನು ಎಚ್ಚರದಿಂದ ಗಮನಿಸಲು ಹೇಳುತ್ತಾನೆ. ದೇವರಿಲ್ಲ, ಪುರೋಹಿತನಿಲ್ಲ, ದಕ್ಷಿಣೆಯಿಲ್ಲ. ಥೇರಗಾಥೆಯಲ್ಲಿ ಸುನೀತ ಬರುತ್ತಾನೆ. ಬಾಡಿದ ಹೂವು ಎತ್ತಿಹಾಕುತ್ತಿದ್ದ, ಜನ ಕೀಳಾಗಿ ಕಂಡ ಕುಲದವನು. ಬುದ್ಧ ಅವನನ್ನು ಸಂಘಕ್ಕೆ ಸೇರಿಸಿಕೊಂಡ. ಅವನು ಕಾಡಲ್ಲಿ ಒಬ್ಬನೇ ಧ್ಯಾನಕ್ಕೆ ಕೂತು ಅರಹಂತನಾದ.

ಇಲ್ಲಿ ಬೌದ್ಧ ಧರ್ಮ ಮರೆಯಾದ ಮೇಲೂ ಬರ್ಮಾದಲ್ಲಿ ಉಳಿಯಿತು. ಅಲ್ಲೂ ಧ್ಯಾನ ಹೆಚ್ಚಾಗಿ ಭಿಕ್ಖುಗಳದ್ದೇ. 1885ರಲ್ಲಿ ಬ್ರಿಟಿಷರು ಮಾಂಡಲೆ ಹಿಡಿದು ರಾಜನನ್ನು ಗಡಿಪಾರು ಮಾಡಿದರು. ಧಮ್ಮವನ್ನು ಕಾಯಲು ರಾಜನೇ ಇಲ್ಲದ ಆ ಕಾಲದಲ್ಲಿ ಲೆಡಿ ಸಯಾಡೊ (1846–1923) ಎಂಬ ಭಿಕ್ಖು ಸಾಮಾನ್ಯ ಸಂಸಾರಸ್ಥರಿಗೂ ಧ್ಯಾನ ಕಲಿಸಿದರು. ಅವರ ಶಿಷ್ಯ ಸಯಾ ಥೆಟ್‌ಜಿ ಒಬ್ಬ ರೈತ. ಆ ರೈತನ ಶಿಷ್ಯ ಊ ಬಾ ಖಿನ್, ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತನಾಗಿ ಸೇರಿದವರು! ಫೈಲು ಹೊರುವ ನನ್ನಂಥವನಿಗೆ ಇದು ಸಣ್ಣ ಖುಷಿಯಲ್ಲ. 1937ರಲ್ಲಿ ಧ್ಯಾನ ಕಲಿತರು, 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್ ಆದರು, ಕಚೇರಿಯಲ್ಲೇ ನೌಕರರಿಗೆ ಹೇಳಿಕೊಟ್ಟರು. ಅವರ ಬಳಿ ಕಲಿತ ಗೋಯಂಕಾ 1969ರಲ್ಲಿ ಭಾರತಕ್ಕೆ ವಿಪಸ್ಸನ ತಂದರು.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಝಿನ್ ಇದನ್ನು ಆಸ್ಪತ್ರೆಯೊಳಗೆ ತಂದು ಎಂಟು ವಾರದ ಕೋರ್ಸ್ ಮಾಡಿದರು. ನೋವಿನಲ್ಲಿ ಬದುಕುವ ರೋಗಿಗಳಿಗೆ ಉಪಕಾರವೇ ಆಯ್ತು. ಆದ್ರೆ ಅಲ್ಲಿಂದ ಕಂಪನಿಗಳಿಗೆ ಬರೋಷ್ಟರಲ್ಲಿ ಬುದ್ಧನ ಹೆಸರೂ ಹೋಯ್ತು, ಶೀಲವೂ ಹೋಯ್ತು. ಉಳಿದದ್ದು ಸ್ಟ್ರೆಸ್ಸು.

ಬಾಬಾಸಾಹೇಬರು 1954ರ ಡಿಸೆಂಬರಿನಲ್ಲಿ ರಂಗೂನಿನ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋಗಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಷ್ಟಾಂಗ ಮಾರ್ಗದ ಸಮ್ಯಕ್ ಸ್ಮೃತಿಯನ್ನು ಅವರು ಬಿಡಲಿಲ್ಲ. ಮನಸ್ಸು ಸದಾ ಎಚ್ಚರವಾಗಿರುವುದು ಅಂತಲೇ ವಿವರಿಸಿದರು. ಅದೇ ಪುಸ್ತಕದ ಪ್ರಸ್ತಾವನೆಯಲ್ಲಿ ಭಿಕ್ಖುವಿಗೂ ಪ್ರಶ್ನೆ ಹಾಕಿದರು: ನೀನು ನಿನ್ನ ಪರಿಪೂರ್ಣತೆಗೆ ಕೂತವನೋ, ಸಮಾಜದ ಸೇವಕನೋ? ಎರಡನ್ನೂ ಒಟ್ಟಿಗೆ ಓದಬೇಕು. ಧ್ಯಾನದವರು ಎರಡನೆಯದನ್ನ ಬಿಡ್ತಾರೆ, ನಮ್ಮವರು ಮೊದಲನೆಯದನ್ನ.

ಯಾರೋ "ಕೋಟಾದವರು" ಅಂತ ಚುಚ್ಚಿದಾಗ ಎದೆ ಹೊತ್ತಿಕೊಳ್ಳುತ್ತೆ. ಟ್ರೈನಿಂಗಿನವರು ಉಸಿರೆಳ್ಕೊಂಡು ಬಿಟ್ಬಿಡಿ ಅಂತಾರೆ. ಬುದ್ಧ ಹೇಳಿದ್ದು ಸಿಟ್ಟು ಬಂದಿದ್ದರೆ ಬಂದಿದೆ ಅಂತ ಗುರುತಿಸು ಅಂತ. ಗುರುತಿಸಿದ ಮೇಲೆ ಕೈ ನಡುಗದೆ ದೂರು ಬರೆಯಬಹುದು. ಹೋರಾಟದ ಓಡಾಟದಲ್ಲಿ ನಿದ್ದೆ ಕಳ್ಕೊಂಡು, ನಲವತ್ತಕ್ಕೇ ಬಿಪಿ ಮಾತ್ರೆ ಹಿಡಿದಿರೋರು ನಮ್ಮಲ್ಲಿ ಕಮ್ಮಿಯಿಲ್ಲ.

ನಿಮ್ಮೂರ ವಿಹಾರದಲ್ಲಿ ಧ್ಯಾನಕ್ಕೆ ಕೂರೋ ಪದ್ಧತಿ ಇದೆಯಾ? ಇದ್ರೆ ಯಾವ ವಾರ, ಎಷ್ಟೊತ್ತಿಗೆ ಅಂತ ಕೆಳಗೆ ಬರೀರಿ. ಹತ್ತಿರದವರು ಬರ್ತಾರೆ.