ಜೂಜುಗಾರನ ಇಡುಗಂಟು

(ಬಾನುಲಿ ಭಾಷಣ)

ನಾನು ಅಧ್ಯಾಪಕನಾಗಿದ್ದ ಮೊದಲ ವರ್ಷಗಳಲ್ಲಿ ಒಮ್ಮೆ ಕುಮಾರವ್ಯಾಸನ ಸಭಾಪರ್ವವನ್ನು ಪಾಠ ಹೇಳುತ್ತಿದ್ದೆ. ದ್ಯೂತದ ಪ್ರಸಂಗ. ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು ನಿಂತು, "ಸಾರ್, ಇಷ್ಟು ಹೋದರೆ ಏಳುತ್ತೇನೆ ಎಂದು ಧರ್ಮರಾಯ ಆಟಕ್ಕೆ ಕೂರುವ ಮೊದಲೇ ಯಾಕೆ ತೀರ್ಮಾನ ಮಾಡಿಕೊಳ್ಳಲಿಲ್ಲ?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಶಕುನಿಯ ಕಪಟ, ವಿಧಿಯ ಬಲ, ಕರೆದಾಗ ಹೋಗಬೇಕೆಂಬ ಕ್ಷತ್ರಿಯರ ನಿಯಮ ಎಂದು ಏನೇನೋ ಹೇಳಿ ಅವನನ್ನು ಕೂರಿಸಿದೆ. ಹುಡುಗ ಕುಳಿತ, ಪ್ರಶ್ನೆ ಮಾತ್ರ ಕೂರಲಿಲ್ಲ. ಭಾರತದ ಆ ಭಾಗವನ್ನು ಮತ್ತೆ ಓದಿ ನೋಡಿ: ಮೊದಲು ಒಂದು ರತ್ನಹಾರ, ಆಮೇಲೆ ಹೊನ್ನು, ರಥ, ಆನೆ, ಕುದುರೆ, ಭಂಡಾರ, ಕಡೆಗೆ ತಮ್ಮಂದಿರು, ತಾನು, ದ್ರೌಪದಿ. ಸೋಲು ಹೆಚ್ಚಿದಂತೆಲ್ಲ ಪಣವೂ ಹಿರಿದಾಗುತ್ತ ಹೋಗುತ್ತದೆ. ದಾಳ ಕಪಟದ್ದೇ ಇರಲಿ, ಹಾರದೊಂದಿಗೇ ಆಟ ನಿಂತಿದ್ದರೆ ಭಾರತವೇ ಇರುತ್ತಿರಲಿಲ್ಲ.

ನನಗೆ ಈ ಪ್ರಶ್ನೆ ಅಷ್ಟು ನಾಟುವುದಕ್ಕೆ ಮನೆಯ ಕಾರಣವೂ ಒಂದಿತ್ತು. ಮಲೆನಾಡಿನ ನಮ್ಮ ಮನೆಯಲ್ಲಿ ದೊಡ್ಡಪ್ಪನವರು ಇಸ್ಪೀಟಿನ ಆಟದಲ್ಲಿ ಹೆಸರಾದವರು. ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟುಕೊಂಡು ಎದುರಾಳಿಯ ಕೈಯಲ್ಲಿ ಏನಿದೆಯೆಂದು ಹೇಳಿಬಿಡುತ್ತಿದ್ದರು. ಗೆದ್ದ ರಾತ್ರಿಗಳೇ ಹೆಚ್ಚು ಎಂದು ಊರಿನವರೂ ಒಪ್ಪುತ್ತಿದ್ದರು. ಆದರೂ ತೋಟದ ಅರ್ಧ ಪಾಲು ಕೈ ಬಿಟ್ಟಿತು. ಏಕೆಂದರೆ ಅವರಿಗೆ ಇದ್ದದ್ದು ಒಂದೇ ಜೇಬು. ಅಡಿಕೆ ಮಂಡಿಯಿಂದ ಬಂದ ಮುಂಗಡ, ಕೊನೆಕೊಯ್ಲಿನ ಆಳುಗಳ ಸಂಬಳ, ತಂಗಿಯ ಮದುವೆಗೆಂದು ಕೂಡಿಟ್ಟದ್ದು, ಆಟದ ದುಡ್ಡು ಎಲ್ಲವೂ ಅದರಲ್ಲೇ. ನಮ್ಮ ದೊಡ್ಡಮ್ಮ ಮಾತ್ರ ತುಪ್ಪ ಮಾರಿದ ಕಾಸನ್ನು ಸಾಸಿವೆ ಡಬ್ಬಿಯಲ್ಲಿ ಬೇರೆಯಾಗಿ ಇಡುತ್ತಿದ್ದರು. "ಇದರ ವಿಷಯ ಅವರಿಗೆ ಹೇಳಬೇಡ ಮಾಣಿ" ಎಂದು ನನಗೆ ತಾಕೀತು. ನನ್ನ ಹೈಸ್ಕೂಲಿನ ಫೀಜು ಆ ಡಬ್ಬಿಯಿಂದ ಬಂದದ್ದು.

ಈ ಡಬ್ಬಿಯ ಚರಿತ್ರೆಯನ್ನೇ ನಾನು ಈ ಹೊತ್ತು ಹೇಳಹೊರಟಿರುವುದು. ಜೂಜಿಗೆಂದು ಬೇರೆ ಇಟ್ಟ ಹಣವನ್ನು ನಾನು ಇಡುಗಂಟು ಎಂದು ಕರೆಯುತ್ತೇನೆ. ಪೋಕರ್ ಆಡುವ ಅಮೆರಿಕದ ವೃತ್ತಿಗಾರರು ಎಲೆಯ ವಿದ್ಯೆಗಿಂತ ಇದನ್ನೇ ದೊಡ್ಡದೆನ್ನುತ್ತಾರೆ. ಆಡಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರಲ್ಲಿ ಕಾಯಿದೆ ಮಾಡಿ ನಿಷೇಧಿಸಿದೆ. ಆ ಕಾಯಿದೆಗೆ ಕಾರಣವಾದ ಮನೆಗಳ ಸಂಕಟ ನನ್ನಂಥವನಿಗೆ ಹೊಸದಲ್ಲ.

ಪೋಕರ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಕಡೆಯಿಂದ ಮಿಸಿಸಿಪಿ ನದಿಯ ಉಗಿಹಡಗುಗಳನ್ನು ಏರಿ ಹರಡಿದ ಆಟ. ಅದರ ಪೂರ್ವಜರಲ್ಲಿ ಒಂದೆನ್ನಬಹುದಾದ ಪ್ರಿಮೆರೋ ಎಂಬ ಎಲೆಯಾಟ ಹದಿನಾರನೆಯ ಶತಮಾನದ ಇಟಲಿಯಲ್ಲಿ ಪ್ರಚಾರದಲ್ಲಿತ್ತು. ಅದನ್ನು ಆಡಿದವರಲ್ಲಿ ಜೆರೊಲಾಮೊ ಕಾರ್ಡಾನೊ ಒಬ್ಬ. 1501ರಲ್ಲಿ ಪಾವಿಯಾದಲ್ಲಿ ಹುಟ್ಟಿದ ಈತ ಯೂರೋಪಿನಲ್ಲೆಲ್ಲ ಹೆಸರಾದ ವೈದ್ಯ. 1545ರಲ್ಲಿ ಬೀಜಗಣಿತದ ಮಹಾಗ್ರಂಥವೊಂದನ್ನು ಪ್ರಕಟಿಸಿದ ಗಣಿತಜ್ಞ. ಜೊತೆಗೆ ದಿನವೂ ದಾಳ ಹಿಡಿಯುತ್ತಿದ್ದವನೆಂದು ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ತಾನೇ ನಾಚಿಕೊಂಡು ಹೇಳಿಕೊಂಡಿದ್ದಾನೆ. ದಾಳ ಬೀಳುವ ಸಂಭವವನ್ನು ಎಣಿಸಿ ಲೆಕ್ಕ ಹಾಕಬಹುದೆಂದು ಕಂಡ ಮೊದಲಿಗರಲ್ಲಿ ಆತನೊಬ್ಬ. ಜೂಜಿನ ಮೇಲೆ ಆತ ಬರೆದಿಟ್ಟ ಪುಸ್ತಕ ಸತ್ತು 87 ವರ್ಷಗಳಾದ ಮೇಲೆ, 1663ರಲ್ಲಿ, ಅಚ್ಚಾಯಿತು. ಅದರಲ್ಲಿ ಲೆಕ್ಕಕ್ಕಿಂತ ಮೊದಲು ಬುದ್ಧಿಮಾತು ಬರುತ್ತದೆ: ಅಪರೂಪಕ್ಕೆ ಆಡು, ಸ್ವಲ್ಪ ಹೊತ್ತು ಆಡು, ನಿನ್ನ ಅಂತಸ್ತಿನವರೊಡನೆ ಆಡು, ಸಣ್ಣ ಪಣಕ್ಕೆ ಆಡು. ಜೂಜಿನಲ್ಲಿ ಎಲ್ಲಕ್ಕಿಂತ ದೊಡ್ಡ ಲಾಭ ಆಡದೆ ಇರುವುದೇ ಎಂದೂ ಆತ ಹೇಳುತ್ತಾನೆ. ಇಷ್ಟು ಬಲ್ಲವನು ಮೂವತ್ತು ದಾಟಿದ ಹೊಸತರಲ್ಲಿ ಹೆಂಡತಿಯ ಒಡವೆಯನ್ನೂ ಮನೆಯ ಸಾಮಾನನ್ನೂ ಒತ್ತೆಯಿಟ್ಟು, ಮಿಲಾನಿನ ಅನಾಥಾಲಯದ ಅನ್ನಕ್ಕೆ ಕೈಯೊಡ್ಡಿದ್ದನು. ಬುದ್ಧಿಮಾತು ಅನುಭವದ ಮುಂಚೆ ಬಂದಿತೋ ಅನಂತರವೋ, ಓದುಗರು ಊಹಿಸಿಕೊಳ್ಳಬೇಕು.

ಮುಂದಿನ ಶತಮಾನದಲ್ಲಿ ಮಾತು ಗಣಿತವಾಯಿತು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ನಡುವೆ ನಡೆದ ಪತ್ರವ್ಯವಹಾರದ ಕಥೆ ಎಲ್ಲರಿಗೂ ಗೊತ್ತು. ನನಗೆ ಬೇಕಾದದ್ದು 1657ರಲ್ಲಿ ಡಚ್ ವಿದ್ವಾಂಸ ಹೈಗೆನ್ಸ್ ತನ್ನ ಕಿರುಪುಸ್ತಕದ ಕೊನೆಯಲ್ಲಿಟ್ಟ ಐದನೆಯ ಸಮಸ್ಯೆ. ಇಬ್ಬರ ಬಳಿ ಹನ್ನೆರಡು ಹನ್ನೆರಡು ಬಿಲ್ಲೆಗಳು. ಮೂರು ದಾಳ ಎಸೆಯುತ್ತಾರೆ. ಹದಿನಾಲ್ಕು ಬಿದ್ದರೆ ಮೊದಲನೆಯವನಿಗೆ ಒಂದು ಬಿಲ್ಲೆ, ಹನ್ನೊಂದು ಬಿದ್ದರೆ ಎರಡನೆಯವನಿಗೆ. ಹದಿನಾಲ್ಕು ಬೀಳುವುದಕ್ಕೆ 15 ದಾರಿ, ಹನ್ನೊಂದಕ್ಕೆ 27. ಒಬ್ಬನು ಬರಿಗೈಯಾಗುವ ತನಕ ಆಡಿದರೆ? ಒಂದೊಂದು ಎಸೆತದಲ್ಲಿ ಎರಡಕ್ಕಿಂತ ಕಡಮೆಯಿರುವ ಅಂತರ, ಕೊನೆಯ ಹೊತ್ತಿಗೆ ಒಂದಕ್ಕೆ 1,156ಕ್ಕೂ ಮಿಕ್ಕಿ ಹೋಗುತ್ತದೆ. ಇನ್ನೊಂದು ಸಂಗತಿಯೂ ಈ ಲೆಕ್ಕದ ಹೊಟ್ಟೆಯಲ್ಲಿದೆ. ಆಟ ಇಬ್ಬರಿಗೂ ಸಮನಾಗಿಯೇ ಇರಲಿ. ಒಬ್ಬನ ಬಳಿ ಹತ್ತು ರೂಪಾಯಿ, ಇನ್ನೊಬ್ಬನ ಬಳಿ ತೊಂಬತ್ತು ಇರಲಿ. ಒಂದೊಂದೇ ರೂಪಾಯಿ ಒಡ್ಡುತ್ತ ಕಡೆಯವರೆಗೂ ಆಡಿದರೆ, ಹತ್ತರವನು ಹಾಳಾಗುವ ಸಂಭವ ನೂರಕ್ಕೆ ತೊಂಬತ್ತು. ಮೋಸ ಬೇಡ, ದುರದೃಷ್ಟ ಬೇಡ, ಗಂಟು ಚಿಕ್ಕದಾಗಿದ್ದರೆ ಸಾಕು. ನಮ್ಮ ದೊಡ್ಡಪ್ಪನವರ ಎದುರಿಗೆ ಕೂರುತ್ತಿದ್ದವರಲ್ಲಿ ಪೇಟೆಯ ಸಾಹುಕಾರರಿದ್ದರು. ಹೈಗೆನ್ಸನ ಸಮಸ್ಯೆಯನ್ನು ಓದಿದಾಗ ನನಗೆ ಕಂಡದ್ದು ಅವರ ಮುಖಗಳು.

1738ರಲ್ಲಿ ಡೇನಿಯಲ್ ಬರ್ನೂಲಿ ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿ ಪ್ರಕಟಿಸಿದ ಪ್ರಬಂಧ ಇನ್ನೊಂದು ಹೆಜ್ಜೆ. ಒಂದೇ ನಾಣ್ಯ ಬಡವನಿಗೂ ಶ್ರೀಮಂತನಿಗೂ ಒಂದೇ ಬೆಲೆಯದಲ್ಲ ಎಂದು ಹೇಳಿ, ಸೆಂಪ್ರೋನಿಯಸ್ ಎಂಬ ವ್ಯಾಪಾರಿಯನ್ನು ಆತ ಉದಾಹರಣೆಗೆ ತರುತ್ತಾನೆ. ಮನೆಯಲ್ಲಿ 4,000 ಡ್ಯೂಕಟ್, ಹೊರನಾಡಿನಲ್ಲಿ 8,000 ಡ್ಯೂಕಟ್ ಬೆಲೆಯ ಸರಕು. ಹತ್ತು ಹಡಗಿನಲ್ಲಿ ಒಂದು ಮುಳುಗುತ್ತದೆ. ಒಂದೇ ಹಡಗಿನಲ್ಲಿ ತುಂಬಿದರೆ ಆ ಸರಕು ಅವನ ಪಾಲಿಗೆ 6,751 ಡ್ಯೂಕಟ್ಟಿಗೆ ಸಮ, ಎರಡರಲ್ಲಿ ಹಂಚಿದರೆ 7,033ಕ್ಕೆ. ಸಮುದ್ರವೂ ಅದೇ, ಸರಕೂ ಅದೇ. ಹಂಚಿದ್ದರಿಂದಲೇ ಬೆಲೆ ಏರಿತು.

ಇಷ್ಟೆಲ್ಲ ತಿಳಿದ ಮೇಲೂ ಮನುಷ್ಯನ ಕೈ ಏಕೆ ತಡೆಯುವುದಿಲ್ಲ ಎಂಬುದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಸಾಹಿತ್ಯದವರಾದ ನಾವು ದಾಸ್ತಯೆವ್‌ಸ್ಕಿಯ ಬಳಿಗೆ ಹೋಗಬೇಕು. 1863ರಲ್ಲಿ ರೂಲೆಟ್ ಆಡಿ ಗೆದ್ದ ಉತ್ಸಾಹದಲ್ಲಿ ಆತ ತನ್ನ ಮೊದಲ ಹೆಂಡತಿಯ ಸೋದರಿಗೆ ಬರೆದ ಪತ್ರವೊಂದಿದೆ. ಗೆಲ್ಲುವ ಗುಟ್ಟು ತನಗೆ ತಿಳಿದಿದೆ, ಅದು ಬಹಳ ಸುಲಭ, ಪ್ರತಿ ಕ್ಷಣವೂ ತನ್ನನ್ನು ಹಿಡಿತದಲ್ಲಿಟ್ಟುಕೊಂಡರೆ ಆಯಿತು ಎಂಬುದು ಅದರ ಸಾರ. ಎರಡು ವರ್ಷದ ಮೇಲೆ ವೀಸ್‌ಬಾಡೆನ್ ನಗರದಲ್ಲಿ ಕೈಯಲ್ಲಿದ್ದುದನ್ನೆಲ್ಲ ಸೋತ. 1866ರಲ್ಲಿ ಪ್ರಕಾಶಕನ ಗಡುವಿಗೆ ಹೆದರಿ 'ಜೂಜುಗಾರ' ಕಾದಂಬರಿಯನ್ನು 26 ದಿನಗಳಲ್ಲಿ ಬಾಯಿಂದ ಹೇಳಿ ಬರೆಸಿದ. ಬರೆದುಕೊಂಡ ಶೀಘ್ರಲಿಪಿಗಾರ್ತಿ ಅನ್ನಾ ಮರುವರ್ಷ ಆತನ ಪತ್ನಿಯಾದಳು. ಬಾಡೆನ್ ನಗರದಲ್ಲಿ ಅವಳ ಕಿವಿಯೋಲೆಯೂ ಮದುವೆಯ ಉಂಗುರವೂ ಗಿರವಿಯಂಗಡಿ ಕಂಡವು.

ಈ ಹೆಣ್ಣುಮಗಳ ಬಗ್ಗೆ ನನಗೆ ವಿಶೇಷ ಗೌರವ. 1871ರ ವಸಂತದಲ್ಲಿ ಡ್ರೆಸ್ಡೆನ್ನಿನಲ್ಲಿದ್ದಾಗ ಗಂಡ ಬರವಣಿಗೆ ಸಾಗದೆ ಕುಗ್ಗಿಹೋಗಿದ್ದ. ಮನೆಯಲ್ಲಿ 300 ಥಾಲರ್ ಕೂಡಿಟ್ಟಿದ್ದ ಅನ್ನಾ, ಅದರಲ್ಲಿ ನೂರು ಹೋದರೆ ಹೋಗಲಿ ಎಂದು ಲೆಕ್ಕ ಹಾಕಿ, ತಾನೇ ಜೂಜಿನ ಮಾತೆತ್ತಿ ಅವನನ್ನು ವೀಸ್‌ಬಾಡೆನ್ನಿಗೆ ಕಳುಹಿಸಿದಳು. ಗೆಲ್ಲುತ್ತಾನೆಂಬ ಭ್ರಮೆ ಅವಳಿಗೆ ಇರಲಿಲ್ಲವೆಂದು ಅವಳ ಸ್ಮೃತಿಗಳು ಹೇಳುತ್ತವೆ. ನೂರೂ ಹೋಯಿತು. ಊರಿಗೆ ಮರಳಲು ಕಳುಹಿಸಿದ ಮೂವತ್ತೂ ಹೋಯಿತು. ಆಮೇಲೆ ಇನ್ನೆಂದೂ ಆಡುವುದಿಲ್ಲವೆಂದು ಅವನಿಂದ ಪತ್ರ ಬಂತು. ಅಂಥ ಪತ್ರಗಳು ಎಷ್ಟೋ ಬಂದಿದ್ದವು. ಇದು ಮಾತ್ರ ನಿಜವಾಯಿತು. 1873ರಿಂದ ಗಂಡನ ಪುಸ್ತಕಗಳನ್ನು ಅವಳೇ ಪ್ರಕಟಿಸಿ ಮಾರತೊಡಗಿದಳು, ಸಾಲಗಳು ತೀರಿದವು. ಹಿಡಿತ ಆಡುವವನ ಮನಸ್ಸಿನಲ್ಲಿ ಇರಬೇಕೆಂದು ಅವನು ನಂಬಿದ್ದ. ಅದು ಇದ್ದದ್ದು ಇನ್ನೂರು ಥಾಲರನ್ನು ಬೇರೆ ಇಟ್ಟವಳ ಕೈಯಲ್ಲಿ.

ಎಷ್ಟು ಒಡ್ಡಬೇಕು ಎಂಬ ಪ್ರಶ್ನೆಗೆ ಖಚಿತವಾದ ಸೂತ್ರ ದೊರೆತದ್ದು 1956ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದ ಜೆ. ಎಲ್. ಕೆಲ್ಲಿ ಎಂಬಾತ ತಂತಿಯ ಮೇಲೆ ಸುದ್ದಿ ಸಾಗುವ ವೇಗವನ್ನು ವಿಚಾರಿಸುತ್ತ ಜೂಜುಗಾರನ ಗಂಟಿನ ಬಳಿಗೆ ಬಂದ. ಗೆಲುವಿನ ಸಂಭವ ನೂರಕ್ಕೆ 60, ಸೋಲಿನದು 40, ಒಡ್ಡಿದಷ್ಟೇ ಲಾಭ ಎಂದಿಟ್ಟುಕೊಳ್ಳಿ. ಆಗ ಪ್ರತಿ ಸಲವೂ ಇರುವ ಹಣದಲ್ಲಿ ನೂರಕ್ಕೆ ಇಪ್ಪತ್ತು ಮಾತ್ರ ಒಡ್ಡಬೇಕು. ಸಾವಿರ ರೂಪಾಯಿ ಹಿಡಿದು ನೂರು ಆಟ ಆಡಿ ಅರವತ್ತನ್ನು ಗೆದ್ದರೆ, ಕೈಯಲ್ಲಿ ಸುಮಾರು 7,490 ರೂಪಾಯಿ ಇರುತ್ತದೆ. ಅದೇ ಮನುಷ್ಯ ಆಸೆಪಟ್ಟು ಪ್ರತಿ ಸಲವೂ ನೂರಕ್ಕೆ ನಲವತ್ತು ಒಡ್ಡಿದನೆನ್ನಿ. ಅವೇ ಅರವತ್ತು ಗೆಲುವು, ಅವೇ ನಲವತ್ತು ಸೋಲು; ಕೊನೆಗೆ ಉಳಿಯುವುದು 783 ರೂಪಾಯಿ! ನಾನು ಇದನ್ನು ನಂಬದೆ ಗಣಿತದ ಸಹೋದ್ಯೋಗಿಯೊಬ್ಬರಿಂದ ಎರಡು ಸಲ ಲೆಕ್ಕ ಹಾಕಿಸಿದೆ. ಹೆಚ್ಚು ಗೆದ್ದೂ ಬಡವನಾಗಬಹುದು. ಊರಿನವರ ಮಾತೂ ಸುಳ್ಳಲ್ಲ, ಹೋದ ತೋಟವೂ ಸುಳ್ಳಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

ಈ ಸೂತ್ರವನ್ನು ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಅಧ್ಯಾಪಕ 1961ರಲ್ಲಿ ನೆವಾಡಾದ ಜೂಜುಕಟ್ಟೆಗಳಲ್ಲಿ ಪರೀಕ್ಷಿಸಿದ. ಲಕ್ಷ ಡಾಲರ್ ಕೊಡುತ್ತೇವೆಂದು ಹಣವಂತರು ಮುಂದೆ ಬಂದರೂ ಹತ್ತು ಸಾವಿರ ಸಾಕೆಂದ. ಸಣ್ಣ ಪಣಗಳಿಂದ ಆರಂಭಿಸಿ, ಮನಸ್ಸು ನಿಂತಂತೆಲ್ಲ ಏರಿಸಿ, ಸುಮಾರು ಹನ್ನೊಂದು ಸಾವಿರ ಲಾಭದೊಡನೆ ಮರಳಿದ.

ಪೋಕರ್ ಆಟದ ಒಂದು ನಿಯಮವನ್ನು ಇಲ್ಲಿ ಹೇಳಬೇಕು. ಎಲೆ ಹಂಚುವಾಗ ಮೇಜಿನ ಮೇಲೆ ನಿಮ್ಮ ಮುಂದಿದ್ದ ಹಣವಷ್ಟೇ ಆ ಕೈಗೆ ಪಣ. ನಡುವೆ ಜೇಬಿಗೆ ಕೈ ಹಾಕುವಂತಿಲ್ಲ, ಮನೆಯ ಪತ್ರ ತರಿಸುವಂತಿಲ್ಲ. ಹಸ್ತಿನಾವತಿಯ ಸಭೆಯಲ್ಲಿ ಇಲ್ಲದಿದ್ದ ನಿಯಮ! ಆದರೆ ಒಂದು ಕೈ ಮುಗಿದು ಇನ್ನೊಂದು ಆರಂಭವಾಗುವ ನಡುವೆ ಜೇಬು ತೆರೆದೇ ಇರುತ್ತದೆ. ಆ ಗಳಿಗೆಯಲ್ಲೇ ಜನ ಮುಳುಗುವುದು. ಕ್ರಿಸ್ ಫರ್ಗುಸನ್ ಎಂಬ ಆಟಗಾರ 2006ರಲ್ಲಿ ಒಂದು ಕಾಸೂ ಇಲ್ಲದೆ ಆರಂಭಿಸಿ, ಇರುವುದರಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯದೆ, ಗೆದ್ದು ಅದು ನೂರಕ್ಕೆ ಹತ್ತನ್ನು ದಾಟಿದರೆ ಎದ್ದುಬಿಡುವ ವ್ರತ ಹಿಡಿದು, ಮರುವರ್ಷ ಹತ್ತು ಸಾವಿರ ಡಾಲರ್ ಮುಟ್ಟಿದ. ಆಡಿದ್ದು ಫುಲ್ ಟಿಲ್ಟ್ ಎಂಬ ತಾಣದಲ್ಲಿ. ಅದರ ನಿರ್ದೇಶಕರಲ್ಲಿ ಆತನೂ ಒಬ್ಬ. ಆ ಸಂಸ್ಥೆ ಆಟಗಾರರಿಗೆ ಸುಮಾರು 39 ಕೋಟಿ ಡಾಲರ್ ಕೊಡಬೇಕಾಗಿದ್ದು, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ ಮಾತ್ರ ಎಂದು ಅಮೆರಿಕದ ಸರ್ಕಾರಿ ವಕೀಲರು 2011ರಲ್ಲಿ ಆರೋಪಿಸಿದರು. ಫರ್ಗುಸನ್ ತಪ್ಪೊಪ್ಪದೆ ರಾಜಿ ಮಾಡಿಕೊಂಡ. ಸಂಸ್ಥೆ ಬೇರೆಯವರ ಪಾಲಾಗಿ, ಆಟಗಾರರಿಗೆ ಹಣ ಹಿಂದಿರುಗಿಸುವ ಏರ್ಪಾಡು ಅನಂತರ ಆಯಿತು. ಅಲ್ಲಿಯೂ ಇದ್ದದ್ದು ಒಂದೇ ಜೇಬು.

ಇನ್ನು ಸ್ಟೂ ಉಂಗರ್. 1953ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತನಷ್ಟು ಎಲೆ ಬಲ್ಲವನು ಇರಲಿಲ್ಲವೆಂದು ಎದುರಾಳಿಗಳೇ ಹೇಳುತ್ತಾರೆ. ಲಾಸ್ ವೇಗಸ್‌ನ ವಿಶ್ವ ಪೋಕರ್ ಪಂದ್ಯದ ಮುಖ್ಯ ಸ್ಪರ್ಧೆಯನ್ನು 1980ರಲ್ಲೂ 1981ರಲ್ಲೂ ಗೆದ್ದ. ಪೋಕರಿನಲ್ಲಿ ಬಂದದ್ದು ಕುದುರೆಗೆ, ಪಂದ್ಯಗಳ ಬಾಜಿಗೆ, ಮಾದಕವಸ್ತುವಿಗೆ ಹೋಯಿತು. 1997ರಲ್ಲಿ ಪ್ರವೇಶಶುಲ್ಕದ ಹತ್ತು ಸಾವಿರ ಡಾಲರನ್ನೂ ಸ್ನೇಹಿತನೊಬ್ಬ ಕಟ್ಟಬೇಕಾಯಿತು. ಮೂರನೆಯ ಸಲ ಗೆದ್ದ. ಬಹುಮಾನ ಹತ್ತು ಲಕ್ಷ ಡಾಲರ್, ಅರ್ಧ ಸ್ನೇಹಿತನಿಗೆ. ಉಳಿದರ್ಧ ಕೆಲವೇ ತಿಂಗಳಲ್ಲಿ ಕರಗಿತು. 1998ರ ನವೆಂಬರಿನಲ್ಲಿ ಅಗ್ಗದ ಮೋಟೆಲೊಂದರ ಕೋಣೆಯಲ್ಲಿ ಸತ್ತಿದ್ದಾಗ ಬಳಿಯಲ್ಲಿ ಇದ್ದದ್ದು ಸುಮಾರು 800 ಡಾಲರ್. ಸಂಸ್ಕಾರಕ್ಕೆ ಪರಿಚಿತರು ಚಂದಾ ಎತ್ತಿದರು.

ಆ ಹಿಂದಿನ ಬೆಂಚಿನ ಹುಡುಗ ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಈಚೆಗೆ ಮನೆಗೆ ಬಂದಿದ್ದ. ಇಷ್ಟನ್ನೂ ಅವನಿಗೆ ಹೇಳಿದೆ. ಕಾಫಿ ಕುಡಿಯುತ್ತ ಸುಮ್ಮನೆ ಕೇಳಿಕೊಂಡು, "ಹಾಗಾದರೆ ಪಾಂಡವರ ಸಾಸಿವೆ ಡಬ್ಬಿ ಯಾರ ಕೈಯಲ್ಲಿತ್ತು ಸಾರ್?" ಎಂದ. ನಾನು ದ್ರೌಪದಿಯ ಪ್ರಶ್ನೆಯನ್ನು ನೆನಪಿಸಿದೆ. ಕರೆಯಲು ಬಂದವನ ಮೂಲಕ ಅವಳು ಸಭೆಗೆ ಹೇಳಿಕಳುಹಿಸಿದ್ದು ಅಳುವನ್ನಲ್ಲ, ಒಂದು ಲೆಕ್ಕದ ಮಾತನ್ನು: ಅರಸನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತ ಮೇಲೆ ಒಡ್ಡಲು ಅವನದೆಂಬುದು ಏನು ಉಳಿದಿತ್ತು? ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮರು ಉತ್ತರ ಕೊಡದೆ ಉಳಿದರು. ಹುಡುಗ, ಈಗ ಅವನಿಗೂ ತಲೆ ನರೆತಿದೆ, ಲೋಟ ಕೆಳಗಿಟ್ಟು, ಪುಸ್ತಕವನ್ನೊಮ್ಮೆ ಕೊಡಿ ಎಂದು ಕೇಳಿ ತೆಗೆದುಕೊಂಡು ಹೋದ.